ಹಿಮ್ಮಡಿ ನೋವಿಗೆ ಅಳತೆಯ ಇನ್‌ಸೋಲ್ ಬೇಕೇ?

ನಮಸ್ಕಾರ. ಕಾರವಾರದ ಶಾಲೆಯಲ್ಲಿ ದಿನವಿಡೀ ನಿಂತು ಪಾಠ ಮಾಡುವ ತಮಗೆ ಬೆಳಿಗ್ಗೆ ಮೊದಲ ಹೆಜ್ಜೆಗೇ ಹಿಮ್ಮಡಿ ಚುಚ್ಚುತ್ತದೆ, ಪಾದದ ಅಳತೆಗೆ ಮಾಡಿಸುವ ಇನ್‌ಸೋಲ್‌ನಿಂದ (ಶೂ ಒಳಗೆ ಇಡುವ ಮೆತ್ತೆ) ಗುಣವಾದೀತೇ ಎಂದು ಕೇಳಿದ್ದೀರಿ. ಈ ಲಕ್ಷಣ ಹೆಚ್ಚಾಗಿ ಪ್ಲಾಂಟಾರ್ ಫೇಶಿಯೈಟಿಸ್, ಅಂದರೆ ಅಂಗಾಲಿನ ತಂತುಪಟ್ಟಿಯ ತೊಂದರೆಯದು. ಹಿಮ್ಮಡಿಯ ಮೂಳೆಯಿಂದ ಬೆರಳುಗಳ ಬುಡದವರೆಗೆ ಚಾಚಿರುವ ದಪ್ಪ ತಂತುಪಟ್ಟಿಯು ಪಾದದ ಕಮಾನು ತಗ್ಗಿದಾಗಲೆಲ್ಲ ಹಿಮ್ಮಡಿಯನ್ನು ಜಗ್ಗುತ್ತದೆ. ಇನ್‌ಸೋಲ್ ಕಮಾನಿಗೆ ಆಸರೆ ಕೊಟ್ಟು ಆ ಎಳೆತವನ್ನು ತಗ್ಗಿಸುತ್ತದೆ.

ಆದರೆ ಸಾಮಾನ್ಯ ಹಿಮ್ಮಡಿ ನೋವಿಗೆ ಅಂಗಡಿಯ ಸಿದ್ಧ ಇನ್‌ಸೋಲ್‌ಗಿಂತ ಅಳತೆಗೆ ಮಾಡಿಸಿದ್ದು ಹೆಚ್ಚು ಗುಣ ನೀಡುತ್ತದೆಂದು ಅಧ್ಯಯನಗಳಲ್ಲಿ ಸ್ಪಷ್ಟವಾಗಿ ಕಂಡುಬಂದಿಲ್ಲ. ಆದ್ದರಿಂದ ಮೊದಲು ಮೂಳೆ ವೈದ್ಯರಿಗೆ ತೋರಿಸಿ. ಪಾದ ತೀರಾ ಚಪ್ಪಟೆಯಾಗಿದ್ದರೆ ಅಥವಾ ಕಮಾನು ಅತಿ ಎತ್ತರವಿದ್ದರೆ ಅಳತೆಯದಕ್ಕೆ ಖರ್ಚು ಮಾಡುವುದು ಸರಿ ಎಂದು ನನ್ನ ಅಭಿಪ್ರಾಯ. ನಮ್ಮ ಮಳೆಗಾಲದ ರಬ್ಬರ್ ಚಪ್ಪಲಿಯಲ್ಲಿ ಅದು ಕೂರುವುದಿಲ್ಲ, ಹಿಮ್ಮಡಿ ಮುಚ್ಚುವ ಶೂ ಬೇಕು. ಹಾಸಿಗೆಯಿಂದ ಏಳುವ ಮುನ್ನ ಕಾಲ್ಬೆರಳುಗಳನ್ನು ತಮ್ಮ ಕಡೆಗೆ ಎಳೆದು ಹಿಡಿಯುವ ವ್ಯಾಯಾಮವನ್ನು ಮಾತ್ರ ಇಂದಿನಿಂದಲೇ ಆರಂಭಿಸಿ.