ಬೀಟ್‌ರೂಟ್ ಜ್ಯೂಸ್ ಕುಡಿದರೂ ಹಿಮೋಗ್ಲೋಬಿನ್ ಏಕೆ ಏರುತ್ತಿಲ್ಲ?

ಪ್ರಶ್ನೆ: ಡಾಕ್ಟರೇ, ನನಗೆ 34 ವರ್ಷ. ಸಸ್ಯಾಹಾರಿ. ಹಿಮೋಗ್ಲೋಬಿನ್ 10.2 ಇತ್ತು. ಎರಡು ತಿಂಗಳಿಂದ ದಿನಾ ಬೀಟ್‌ರೂಟ್ ಜ್ಯೂಸ್ ಕುಡಿಯುತ್ತಿದ್ದೇನೆ, ಸೊಪ್ಪೂ ಜಾಸ್ತಿ ತಿನ್ನುತ್ತಿದ್ದೇನೆ. ಮತ್ತೆ ಪರೀಕ್ಷೆ ಮಾಡಿಸಿದರೆ 10.3. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಇನ್ನೇನು ತಿನ್ನಲಿ?

ಉತ್ತರ: ಏನು ತಿನ್ನಬೇಕೆಂದು ಹೇಳುವ ಮೊದಲು ನಾನೊಂದು ಕೇಳಬೇಕು. ಮುಟ್ಟಿನಲ್ಲಿ ಎಷ್ಟು ರಕ್ತ ಹೋಗುತ್ತಿದೆ? ನಿಮ್ಮ ಪತ್ರದಲ್ಲಿ ಅದರ ಪ್ರಸ್ತಾಪವೇ ಇಲ್ಲ. ಈ ವಯಸ್ಸಿನ ಹೆಣ್ಣುಮಕ್ಕಳಲ್ಲಿ ರಕ್ತ ಕಡಿಮೆಯಾಗುವುದಕ್ಕೆ ಮೊದಲು ನೋಡಬೇಕಾದ ಕಾರಣ ಅದೇ.

ಲೆಕ್ಕ ಹಾಕಿ ನೋಡಿ. ಆರೋಗ್ಯವಂತರ 1 ಮಿ.ಲೀ. ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣಾಂಶ ಇರುತ್ತದೆ. ತಿಂಗಳಿಗೆ 80 ಮಿ.ಲೀ. ಹೋದರೆ 40 ಮಿಲಿಗ್ರಾಂ ಹೋದಂತೆ. ಇದಲ್ಲದೆ ಚರ್ಮದ, ಕರುಳಿನ ಜೀವಕೋಶಗಳು ಉದುರುವಾಗ ದಿನಕ್ಕೆ ಸುಮಾರು 1 ಮಿಲಿಗ್ರಾಂ ಎಲ್ಲರಿಗೂ ನಷ್ಟವಾಗುತ್ತದೆ. ಎರಡೂ ಸೇರಿ ತಿಂಗಳಿಗೆ 70. ಆದರೆ ಊಟದಿಂದ ಕರುಳು ಹೀರಿಕೊಳ್ಳುವುದು ಸಾಮಾನ್ಯವಾಗಿ ದಿನಕ್ಕೆ 1ರಿಂದ 2 ಮಿಲಿಗ್ರಾಂ ಮಾತ್ರ. ನೀವು ಎಷ್ಟೇ ಶ್ರದ್ಧೆಯಿಂದ ಊಟ ಮಾಡಿದರೂ ಖರ್ಚು ಆದಾಯವನ್ನು ಮೀರುತ್ತದೆ. ಒಂದೆರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕಾಗುತ್ತಿದ್ದರೆ, ದೊಡ್ಡ ಹೆಪ್ಪುಗಳು ಹೋಗುತ್ತಿದ್ದರೆ ಅಥವಾ ಸ್ರಾವ ಏಳು ದಿನ ದಾಟುತ್ತಿದ್ದರೆ ಸ್ತ್ರೀರೋಗ ತಜ್ಞರನ್ನು ಕಾಣಿ. ಗರ್ಭಕೋಶದ ಗಡ್ಡೆ, ಥೈರಾಯ್ಡ್ ತೊಂದರೆ, ರಕ್ತ ಹೆಪ್ಪುಗಟ್ಟುವಿಕೆಯ ದೋಷ ಇವೆಲ್ಲ ಇದರ ಹಿಂದೆ ಇರಬಹುದು, ಇವಕ್ಕೆ ಚಿಕಿತ್ಸೆಯೂ ಇದೆ. "ಎಲ್ಲರಿಗೂ ಹೀಗೇ ಆಗುತ್ತೆ" ಅಂತ ಯಾರಾದರೂ ಹೇಳಿದರೆ ದಯವಿಟ್ಟು ಸುಮ್ಮನಾಗಬೇಡಿ.

ಇನ್ನು ಬೀಟ್‌ರೂಟ್. ಅದರ ಕೆಂಪು ಅದರದೇ ವರ್ಣದ್ರವ್ಯದಿಂದ ಬಂದದ್ದು, ರಕ್ತದ ಕೆಂಪಿಗೂ ಅದಕ್ಕೂ ಸಂಬಂಧವಿಲ್ಲ. 100 ಗ್ರಾಂ ಬೀಟ್‌ರೂಟ್‌ನಲ್ಲಿ ಕಬ್ಬಿಣಾಂಶ 1 ಮಿಲಿಗ್ರಾಂಗಿಂತಲೂ ಕಡಿಮೆ, ಅದರಲ್ಲೂ ದೇಹಕ್ಕೆ ದಕ್ಕುವುದು ಸ್ವಲ್ಪವೇ. ಇಷ್ಟವಿದ್ದರೆ ಕುಡಿಯಿರಿ, ಔಷಧಿ ಅಂತ ನಂಬಿಕೊಂಡು ಕೂರಬೇಡಿ. ಸಸ್ಯಾಹಾರದಲ್ಲಿ ಬೇಳೆಕಾಳು, ಎಳ್ಳು, ಸೊಪ್ಪು ಒಳ್ಳೆಯವು. ಆದರೆ ಇವುಗಳ ಕಬ್ಬಿಣಾಂಶ ಮಾಂಸದಲ್ಲಿರುವಷ್ಟು ಸುಲಭವಾಗಿ ಹೀರಲ್ಪಡುವುದಿಲ್ಲ. ಅದಕ್ಕೇ ಜೊತೆಯಲ್ಲಿ ಏನು ತಿನ್ನುತ್ತೀರಿ ಅನ್ನುವುದು ಮುಖ್ಯ. ಊಟಕ್ಕೆ ನಿಂಬೆರಸ ಹಿಂಡಿಕೊಳ್ಳಿ, ಕಿತ್ತಳೆಯೋ ಸೀಬೆಯೋ ತಿನ್ನಿ. ವಿಟಮಿನ್ ಸಿ ಇದ್ದರೆ ಕಬ್ಬಿಣಾಂಶ ಚೆನ್ನಾಗಿ ಒಳಸೇರುತ್ತದೆ. ಕಾಳು ನೆನೆಸಿ ಮೊಳಕೆ ಬರಿಸಿದರೆ ಹೀರುವಿಕೆಗೆ ಅಡ್ಡಬರುವ ಫೈಟೇಟ್ ಕಡಿಮೆಯಾಗುತ್ತದೆ. ಕಾಫಿ, ಟೀ ಊಟಕ್ಕೆ ಒಂದು ಗಂಟೆ ಮುಂಚೆ ಅಥವಾ ಒಂದು ಗಂಟೆ ಆದಮೇಲೆ ಕುಡಿಯಿರಿ.

ಇಷ್ಟಾದರೂ 10.2ರಿಂದ ಮೇಲೆ ಬರಲು ಬರೀ ಊಟ ಸಾಲದು. ಗರ್ಭಿಣಿಯಲ್ಲದ ವಯಸ್ಕ ಮಹಿಳೆಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿಮಗೆ ಮಾತ್ರೆ ಬೇಕಾಗುವ ಸಾಧ್ಯತೆ ಹೆಚ್ಚು. ಆದರೆ ಅದಕ್ಕೆ ಮೊದಲು ಸಿಬಿಸಿ (ರಕ್ತಕಣಗಳ ಪೂರ್ಣ ಎಣಿಕೆ) ಜೊತೆ ಫೆರಿಟಿನ್ ಮತ್ತು ವಿಟಮಿನ್ ಬಿ12 ಪರೀಕ್ಷೆ ಮಾಡಿಸಿ. ಫೆರಿಟಿನ್ ಎಂದರೆ ದೇಹದ ಕಬ್ಬಿಣಾಂಶದ ದಾಸ್ತಾನಿನ ಅಳತೆ. ಜ್ವರ, ಉರಿಯೂತ ಇದ್ದಾಗ ಅದು ಸುಳ್ಳೇ ಹೆಚ್ಚಾಗಿ ಕಾಣುತ್ತದೆ, ಹಾಗಾಗಿ ಗುಣವಾದ ಮೇಲೆ ಮಾಡಿಸುವುದು ಒಳ್ಳೆಯದು. ಸಿಬಿಸಿಯಲ್ಲಿ ಎಂಸಿವಿ (ಕೆಂಪು ರಕ್ತಕಣಗಳ ಸರಾಸರಿ ಗಾತ್ರ) ಎಂಬ ಸಾಲು ನೋಡಿ. 80ಕ್ಕಿಂತ ಕಡಿಮೆ ಇದ್ದರೆ ರಕ್ತಕಣಗಳು ಚಿಕ್ಕವು, ಕಬ್ಬಿಣಾಂಶದ ಕೊರತೆಯ ಕಡೆ ಬೆರಳು ತೋರಿಸುತ್ತದೆ. 100 ದಾಟಿದ್ದರೆ ಬಿ12 ಅಥವಾ ಫೋಲೇಟ್ (ಫೋಲಿಕ್ ಆಸಿಡ್) ಕೊರತೆಯನ್ನು ಹುಡುಕಬೇಕು. ಕಣ ಚಿಕ್ಕದಿದ್ದು ಫೆರಿಟಿನ್ ಸರಿಯಾಗಿಯೇ ಇದ್ದರೆ ಥಲಸ್ಸೀಮಿಯಾ ಎಂಬ ವಂಶಪಾರಂಪರ್ಯ ರಕ್ತದ ಕಾಯಿಲೆಯ ವಾಹಕರೇ ಎಂದು ನೋಡಬೇಕಾಗುತ್ತದೆ. ಅಂಥವರು ಕಬ್ಬಿಣಾಂಶದ ಮಾತ್ರೆ ನುಂಗಿ ಪ್ರಯೋಜನವಿಲ್ಲ. ಹೆಚ್ಚಾದ ಕಬ್ಬಿಣಾಂಶವನ್ನು ಹೊರಹಾಕುವ ದಾರಿ ದೇಹಕ್ಕೆ ಇಲ್ಲ, ಅದು ಲಿವರ್‌ನಲ್ಲಿ, ಹೃದಯದಲ್ಲಿ ಶೇಖರವಾಗುತ್ತದೆ.

ಮಾತ್ರೆ ಶುರುವಾದ ಮೇಲೆ ಮಲ ಕಪ್ಪಾದರೆ ಗಾಬರಿ ಬೇಡ. ಹೊಟ್ಟೆ ಕೆಟ್ಟರೆ ನೀವಾಗಿಯೇ ನಿಲ್ಲಿಸದೆ ವೈದ್ಯರನ್ನು ಕೇಳಿ. ಒಂದು ಡೋಸ್ ತೆಗೆದುಕೊಂಡರೆ ಹೆಪ್ಸಿಡಿನ್ ಎಂಬ ಹಾರ್ಮೋನ್ ಏರಿ ಮುಂದಿನ ಡೋಸ್‌ನ ಹೀರುವಿಕೆಯನ್ನು ತಡೆಯುತ್ತದೆ. ಹಾಗಾಗಿ ಕೆಲವರಿಗೆ ದಿನ ಬಿಟ್ಟು ದಿನ ಕೊಡುವುದೂ ಉಂಟು. ಹಿಮೋಗ್ಲೋಬಿನ್ ಸರಿಹೋದ ಕೂಡಲೇ ಮಾತ್ರೆ ಬಿಡಬೇಡಿ, ದಾಸ್ತಾನು ತುಂಬಲು ಇನ್ನೂ ಸುಮಾರು ಮೂರು ತಿಂಗಳು ಬೇಕು. ಕ್ಯಾಲ್ಸಿಯಂ ಮಾತ್ರೆ ಇದ್ದರೆ ಬೇರೆ ಹೊತ್ತಿಗೆ ತೆಗೆದುಕೊಳ್ಳಿ.

ಪ್ರಶ್ನೆ: ನನಗೆ 58. ಸುಸ್ತು ಅಂತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 10.8, ಫೆರಿಟಿನ್ 9. ಅಂಗಡಿಯಿಂದ ಐರನ್ ಮಾತ್ರೆ ತಂದು ತಿಂದೆ. ಈಗ 12.6, ಆರಾಮಾಗಿದ್ದೇನೆ. ಮಂಡಿ ನೋವಿಗೆ ಆಗಾಗ ಮಾತ್ರೆ ನುಂಗುತ್ತೇನೆ. ಇಷ್ಟಕ್ಕೇ ಬಿಡಬಹುದೇ?

ಉತ್ತರ: ಬಿಡಬೇಡಿ ಸರ್. ಈ ವಾರವೇ ಹೊಟ್ಟೆ ಮತ್ತು ಕರುಳಿನ ತಜ್ಞರ ಬಳಿ ಹೋಗಿ. ಗಂಡಸರಿಗೆ ತಿಂಗಳ ನಷ್ಟ ಇಲ್ಲ. ಆದರೂ ಕಬ್ಬಿಣಾಂಶ ಇಷ್ಟು ಬರಿದಾಗಿದೆ ಎಂದರೆ, ಬೇರೆ ಕಾರಣ ಸಿಗುವವರೆಗೂ ಜಠರ ಅಥವಾ ಕರುಳಿನಲ್ಲಿ ಎಲ್ಲೋ ರಕ್ತ ಜಿನುಗುತ್ತಿದೆ ಎಂದೇ ವೈದ್ಯರು ಭಾವಿಸಬೇಕು. ಮುಟ್ಟು ನಿಂತ ಮಹಿಳೆಯರಿಗೂ ಇದೇ ಮಾತು. ಜಿನುಗುವ ರಕ್ತ ಕಣ್ಣಿಗೆ ಕಾಣಲೇಬೇಕೆಂದಿಲ್ಲ. ನಿಮ್ಮ ನೋವಿನ ಮಾತ್ರೆಯಿಂದ ಆದ ಹುಣ್ಣಿರಬಹುದು, ಕರುಳಿನ ಒಳಗೋಡೆಯಲ್ಲಿ ಬೆಳೆಯುವ ಚಿಕ್ಕ ಗಂಟು (ಪಾಲಿಪ್) ಇರಬಹುದು, ಕ್ಯಾನ್ಸರ್ ಕೂಡ ಇರಬಹುದು. ಕ್ಯಾಮೆರಾ ಕೊಳವೆ ಇಳಿಸಿ ಜಠರ, ಕರುಳನ್ನು ನೋಡುವ ಎಂಡೋಸ್ಕೋಪಿ, ಕೊಲೊನೋಸ್ಕೋಪಿ ಎಂದರೆ ಭಯವಾಗುತ್ತದೆ, ಗೊತ್ತು. ಆದರೆ ಕರುಳಿನ ಕ್ಯಾನ್ಸರ್ ಬೇಗ ಸಿಕ್ಕರೆ ಪೂರ್ತಿ ವಾಸಿಯಾಗುವ ಸಾಧ್ಯತೆ ಬಹಳ ಹೆಚ್ಚು. ಮಾತ್ರೆಯಿಂದ ಅಂಕಿ ಏರಿತು, ಸುಸ್ತು ಹೋಯಿತು, ಕಾರಣ ಮಾತ್ರ ಹಾಗೇ ಉಳಿಯಿತು. ನಿಮ್ಮ ವಿಷಯದಲ್ಲಿ ನನಗಿರುವ ಆತಂಕ ಅದೇ.

ಪ್ರಶ್ನೆ: ಆರು ತಿಂಗಳಿಂದ ದೂರದ ಓಟದ ಅಭ್ಯಾಸ ಮಾಡುತ್ತಿದ್ದೇನೆ. 26 ವರ್ಷದ ಯುವಕ. ಹಿಮೋಗ್ಲೋಬಿನ್ 14.6 ಇದ್ದದ್ದು 13.7ಕ್ಕೆ ಇಳಿದಿದೆ, ಫೆರಿಟಿನ್ 62. ಓಡುವುದರಿಂದ ರಕ್ತ ಕಮ್ಮಿಯಾಗುತ್ತದೆಯೇ?

ಉತ್ತರ: ನಿಯಮಿತವಾಗಿ ಓಡುವವರ ದೇಹದಲ್ಲಿ ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗ, ಹೆಚ್ಚುತ್ತದೆ. ಕೆಂಪು ಕಣಗಳು ಅಷ್ಟೇ ಇದ್ದರೂ ಹೆಚ್ಚು ದ್ರವದಲ್ಲಿ ಹರಡಿಕೊಳ್ಳುವುದರಿಂದ ಅಂಕಿ ತುಸು ಇಳಿದಂತೆ ಕಾಣುತ್ತದೆ. ಇದು ಅಭ್ಯಾಸಕ್ಕೆ ದೇಹ ಒಗ್ಗಿಕೊಂಡ ಗುರುತು. ನಿಮ್ಮ ದಾಸ್ತಾನೂ ಚೆನ್ನಾಗಿದೆ. ಓಡಿ. ಓಟದ ವೇಗ ಕಾರಣವಿಲ್ಲದೆ ಕುಗ್ಗಿದರೆ ಫೆರಿಟಿನ್ ಮತ್ತೆ ನೋಡಿಸಿ, 30ಕ್ಕಿಂತ ಕೆಳಗೆ ಬಂದಿದ್ದರೆ ವೈದ್ಯರ ಜೊತೆ ಮಾತಾಡಿ.

ರಕ್ತಹೀನತೆ ಇರುವವರ ಮಾತು ಬೇರೆ. ಅವರು ಚಿಕಿತ್ಸೆಯ ಜೊತೆಗೆ ಮೆಲ್ಲಗೆ ನಡೆಯುವುದರಿಂದ ಶುರು ಮಾಡಲಿ. ಎದೆನೋವು, ತಲೆಸುತ್ತು, ಕೂತಲ್ಲೇ ಏದುಸಿರು ಬಂದರೆ ವ್ಯಾಯಾಮ ಬಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ: ಸಕ್ಕರೆ ಕಾಯಿಲೆಗೆ ಎಂಟು ವರ್ಷದಿಂದ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದೇನೆ. ಪಾದ ಜುಮುಜುಮು ಅನ್ನುತ್ತದೆ. ರಕ್ತಕ್ಕೆ ಸಂಬಂಧವಿದೆಯೇ?

ಉತ್ತರ: ಇರಬಹುದು. ಮೆಟ್‌ಫಾರ್ಮಿನ್ ದೀರ್ಘಕಾಲ ತೆಗೆದುಕೊಂಡವರಲ್ಲಿ ಬಿ12 ಕಡಿಮೆಯಾಗಬಹುದು. ಈ ಜುಮುಜುಮು ಸಕ್ಕರೆ ಕಾಯಿಲೆಯಿಂದಲೂ ಬರುತ್ತದೆ, ಬಿ12 ಕೊರತೆಯಿಂದಲೂ ಬರುತ್ತದೆ. ಪರೀಕ್ಷಿಸದೆ ಬೇರ್ಪಡಿಸಲಾಗದು. ಬಿ12 ನೋಡಿಸದೆ ಫೋಲಿಕ್ ಆಸಿಡ್ ಮಾತ್ರ ನುಂಗಬೇಡಿ, ರಕ್ತದ ಅಂಕಿ ಸುಧಾರಿಸಿದರೂ ನರಗಳ ಹಾನಿ ಒಳಗೊಳಗೇ ಮುಂದುವರಿಯಬಹುದು. ಕಬ್ಬಿಣಾಂಶವೂ ಕಡಿಮೆಯಿದ್ದರೆ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆ) ನಿಜಕ್ಕಿಂತ ಹೆಚ್ಚು ತೋರಿಸಬಹುದು. ಆದ್ದರಿಂದ ಮುಂದಿನ ಸಲ ಸಕ್ಕರೆ, ಕಬ್ಬಿಣಾಂಶ ಎರಡರ ವರದಿಗಳನ್ನೂ ಒಟ್ಟಿಗೇ ವೈದ್ಯರ ಮುಂದಿಡಿ.