19 ಕೆಜಿ ಸಿಲಿಂಡರಲ್ಲಿ ಗ್ಯಾಸ್ ಜನರೇಟರ್ ಎಷ್ಟು ಗಂಟೆ ಓಡ್ತದೆ? ಮಳೆಗಾಲಕ್ಕೆ ಒಂದು ಸಾಕಾ?

ನಾನೂ ಹೀಗೇ ಲೆಕ್ಕ ಹಾಕಿ ಕೂತಿದ್ದೆ ಮಾರಾಯ್ರೆ. ಕಾಪು ಹತ್ರ ನಮ್ಮದೊಂದು ಸಣ್ಣ ಕೋಲ್ಡ್ ಸ್ಟೋರೇಜ್ ಇತ್ತು, ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ ಅಂತ ಯಾಂತ್ರಿಕ ಬೋಟ್ ಕಡಲಿಗೆ ಇಳಿಯೋದಿಲ್ವಲ್ಲ, ಅದಕ್ಕೆ ಮೇ ಕೊನೆಗೇ ಅಂಜಲ್, ಬಂಗುಡೆ ಮೀನು ತಂದು ಫ್ರೀಜರ್ ತುಂಬಿಸಿ ಇಡ್ತಿದ್ದೆವು. ಆ ವರ್ಷ ಜುಲೈಯ ಗಾಳಿಮಳೆಗೆ ಮರ ಬಿದ್ದು ಲೈನೇ ಹೋಯ್ತು, ಕಂಬವೂ ಮುರಿದಿತ್ತು, ಮೂರ್ನಾಲ್ಕು ದಿನ ಕರೆಂಟಿನ ಆಸೆ ಇಲ್ಲ ಅಂತ ಗೊತ್ತಾಗಿತ್ತು.

ನನ್ನ ಲೆಕ್ಕ ಏನಂದ್ರೆ, ಜನರೇಟರ್ 2 ಕಿಲೋವ್ಯಾಟಿಂದು, ಫುಲ್ ಲೋಡಿಗೆ ಗಂಟೆಗೆ ಸುಮಾರು 1 ಕೆಜಿ ಗ್ಯಾಸ್. ಫ್ರೀಜರ್, ಎರಡು ಲೈಟ್ ಸೇರಿ 400 ವ್ಯಾಟ್, ಅಂದ್ರೆ ಐದನೇ ಒಂದು ಭಾಗ, ಹಾಗಾದ್ರೆ ಗ್ಯಾಸೂ 200 ಗ್ರಾಂ, 19 ಕೆಜಿಗೆ 95 ಗಂಟೆ. ಎರಡನೇ ಸಿಲಿಂಡರ್ ತರುವಾ ಅಂತ ತಮ್ಮ ಹೇಳಿದ್ರೂ ಬೇಡ ಅಂದೆ. ಎರಡನೇ ರಾತ್ರಿ ಕಳೆಯುವಷ್ಟರಲ್ಲಿ ಸಿಲಿಂಡರ್ ಖಾಲಿ, ರಸ್ತೆ ಮೇಲೆ ನೀರು, ಗ್ಯಾಸ್ ಗಾಡಿ ಬರೋ ಹಾಗಿಲ್ಲ. ಮೀನೆಲ್ಲ ಹೊಂಡ ತೋಡಿ ಹೂತದ್ದು.

ಲೋಡ್ ಐದನೇ ಒಂದು ಭಾಗ ಆದ್ರೆ ಗ್ಯಾಸ್ ಐದನೇ ಒಂದು ಭಾಗ ಆಗೋದಿಲ್ಲ, ಇದೊಂದು ತಲೆಯಲ್ಲಿ ಇಟ್ಕೊಳ್ಳಿ. ನಮ್ಮ ಕರೆಂಟ್ 50 ಹರ್ಟ್ಸ್, ಅಂದ್ರೆ ಸೆಕೆಂಡಿಗೆ 50 ಆವರ್ತನೆ, ಅದಕ್ಕೆ ಸಾಧಾರಣ ಜನರೇಟರಿನ ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗ್ಲೇಬೇಕು, ಒಂದು ಬಲ್ಬ್ ಇರ್ಲಿ ಹತ್ತು ಇರ್ಲಿ. ರಿಕ್ಷಾ ಖಾಲಿ ಓಡಿದ್ರೂ ಗ್ಯಾಸ್ ಸುಡ್ತದಲ್ವಾ, ಹಾಗೆ. ಆ 400 ವ್ಯಾಟಿಗೆ ನನ್ನದು ಗಂಟೆಗೆ ಅರ್ಧ ಕೆಜಿ ಹತ್ರ ಕುಡೀತಿತ್ತು. ಇನ್ವರ್ಟರ್ ಮಾದರಿಯ ಜನರೇಟರ್ ಆದ್ರೆ ಲೋಡ್ ಕಮ್ಮಿ ಇದ್ದಾಗ ವೇಗ ಇಳಿಸ್ತದೆ, ಅದರ ಕತೆ ಬೇರೆ. ಹೊರದೇಶದ ವಿಡಿಯೋದಲ್ಲಿ ಪ್ರೊಪೇನ್ ಲೆಕ್ಕ ಇರ್ತದೆ, ನಮ್ಮ ಎಲ್‌ಪಿಜಿಯಲ್ಲಿ ಬ್ಯೂಟೇನೂ ಸೇರಿರ್ತದೆ, ಕೆಜಿ ಲೆಕ್ಕದಲ್ಲಿ ಶಕ್ತಿ ಹೆಚ್ಚುಕಮ್ಮಿ ಒಂದೇ, ಗ್ಯಾಲನ್ ಲೆಕ್ಕ ಮಾತ್ರ ನಂಬ್ಬೇಡಿ.

ಮಳೆ ಹಿಡಿಯೋ ಮೊದ್ಲೇ ನಿಮ್ಮ ಲೋಡ್ ಹಾಕಿ ಎರಡು ಗಂಟೆ ಓಡಿಸಿ, ಮುಂಚೆ ಮತ್ತೆ ಆಮೇಲೆ ಸಿಲಿಂಡರ್ ತೂಕ ನೋಡಿ, ಅಕ್ಕಿ ಅಂಗಡಿಯ ತೂಕದ ಮಿಷಿನ್ ಸಾಕು. ಖಾಲಿ ಸಿಲಿಂಡರಿನ ತೂಕ ಅದರ ಮೇಲೆಯೇ ಬರೆದಿರ್ತದೆ, ಅದನ್ನು ಕಳೆದ್ರೆ ಉಳಿದ ಗ್ಯಾಸ್ ಎಷ್ಟು ಅಂತ ಸಿಗ್ತದೆ.

ಆದ್ರೆ ನನ್ನ ಕೇಳಿದ್ರೆ ನಿಮ್ಮ ಪ್ರಶ್ನೆಯೇ ಸರಿ ಇಲ್ಲ. ಬಿಡದೆ ಎಷ್ಟು ಗಂಟೆ ಓಡ್ತದೆ ಅಂತ ಯಾಕೆ ನೋಡ್ಬೇಕು? ಬಿಡದೆ ಓಡಿಸ್ಲೇಬಾರ್ದು. ತುಂಬಿದ ಫ್ರೀಜರ್ ಬಾಗಿಲು ತೆರೆಯದೆ ಇಟ್ರೆ ಸುಮಾರು 48 ಗಂಟೆ ತಣ್ಣಗಿರ್ತದೆ, ಅರ್ಧ ತುಂಬಿದ್ರೆ 24. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಓಡಿಸಿ, ಆಗಲೇ ಮನೆಯ ಇನ್ವರ್ಟರ್ ಬ್ಯಾಟರಿ ಚಾರ್ಜ್ ಮಾಡಿ, ಟ್ಯಾಂಕಿಗೆ ನೀರೂ ಹತ್ತಿಸಿ (ಪಂಪ್ ಎಳೆಯೋ ತಾಕತ್ತು ಜನರೇಟರಿಗೆ ಇದ್ರೆ ಮಾತ್ರ). ರಾತ್ರಿ ಲೈಟು ಫ್ಯಾನು ಬ್ಯಾಟರಿಯಲ್ಲಿ. ಹೀಗೆ ಮಾಡಿದ್ರೆ ಅದೇ ಸಿಲಿಂಡರ್ ವಾರದ ಹತ್ರ ಬರ್ತದೆ.

ಅಡಿಗೆಯ 14.2 ಕೆಜಿ ಸಿಲಿಂಡರ್ ಇದಕ್ಕೆ ಹಾಕ್ಬೇಡಿ, ಕಮರ್ಷಿಯಲ್ಲೇ ತಗೊಳ್ಳಿ, ನೆಟ್ಟಗೆ ನಿಲ್ಲಿಸಿಯೇ ಇಡಿ. ಮತ್ತೆ ಮಳೆ ಹೊಡೀತದೆ ಅಂತ ಜನರೇಟರನ್ನು ಚಾವಡಿಗೆ ತರ್ಲೇಬೇಡಿ, ಆ ಹೊಗೆಯ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಮಲಗಿದವ್ರು ಏಳೋದಿಲ್ಲ. ಕಿಟಕಿ ಬಾಗಿಲಿಂದ ದೂರ ಅಂಗಳದಲ್ಲಿ ನಾಲ್ಕು ಕಂಬ ನೆಟ್ಟು ಮೇಲೆ ಶೀಟ್ ಹಾಕಿ.