ಅಮೆರಿಕದ ಟಿವಿ ಧಾರಾವಾಹಿ ‘ಲಾ ಅಂಡ್ ಆರ್ಡರ್’ ಮೊದಲ ಸೀಸನ್‌ನ 6ನೇ ಕಂತಿನಲ್ಲಿ ಮಾತ್ರ ಡಿಸ್ಟ್ರಿಕ್ಟ್ ಅಟಾರ್ನಿ (ಸರ್ಕಾರದ ಪರ ಮುಖ್ಯ ವಕೀಲ) ಬೇರೆಯವರು ಯಾಕೆ?

ಯಾಕಂದ್ರೆ ಆ ಕಂತೇ ಮೊದಲು ತೆಗೆದ ಪೈಲಟ್, ಅಂದ್ರೆ ವಾಹಿನಿಗೆ ತೋರಿಸೋಕೆ ಮಾಡಿದ ಪ್ರಾಯೋಗಿಕ ಕಂತು. ಹೆಸರು ‘ಎವ್ರಿಬಡೀಸ್ ಫೇವರಿಟ್ ಬ್ಯಾಗ್‌ಮ್ಯಾನ್’. ನ್ಯೂಯಾರ್ಕ್‌ನ ಕೌನ್ಸಿಲರ್ ಒಬ್ಬರ ಮೇಲಿನ ಹಲ್ಲೆಯಿಂದ ಶುರುವಾಗಿ ಮಾಫಿಯಾ ಲಂಚದವರೆಗೆ ಹೋಗುವ ಕಥೆ. 1988ರಲ್ಲಿ ಸಿಬಿಎಸ್‌ಗಾಗಿ ಮಾಡಿದ್ದರು, ಆದರೆ ಆ ವಾಹಿನಿ ಧಾರಾವಾಹಿಯನ್ನು ತೆಗೆದುಕೊಳ್ಳಲಿಲ್ಲ.

ಆಮೇಲೆ ಇನ್ನೊಂದು ವಾಹಿನಿ ಎನ್‌ಬಿಸಿ ಒಪ್ಪಿತು. 1990ರ ಸೆಪ್ಟೆಂಬರ್ 13ಕ್ಕೆ ಹೊಸ ಕಂತಿನಿಂದ ಶುರು ಮಾಡಿ, ಹಳೆಯ ಪೈಲಟನ್ನು ಅಕ್ಟೋಬರ್ 30ಕ್ಕೆ ನಡುವೆ ಸೇರಿಸಿದರು. ದುಡ್ಡು ಹಾಕಿ ತೆಗೆದದ್ದನ್ನು ಸುಮ್ನೆ ಬಿಸಾಡೋಕಾಗುತ್ತಾ!

ಅಷ್ಟರಲ್ಲಿ ಪಾತ್ರವರ್ಗ ಬದಲಾಗಿತ್ತು. ಪೈಲಟ್‌ನಲ್ಲಿ ಡಿಸ್ಟ್ರಿಕ್ಟ್ ಅಟಾರ್ನಿ ಆಲ್ಫ್ರೆಡ್ ವೆಂಟ್‌ವರ್ತ್ ಆಗಿದ್ದ ರಾಯ್ ಥಿನ್ಸ್ ಮುಂದುವರಿಯಲಿಲ್ಲ. ಅವರ ಜಾಗಕ್ಕೆ ಸ್ಟೀವನ್ ಹಿಲ್ ಹೊಸ ಡಿಸ್ಟ್ರಿಕ್ಟ್ ಅಟಾರ್ನಿ ಆಡಮ್ ಶಿಫ್ ಆಗಿ ಬಂದರು. ಶಿಫ್ ಅವರ ಗೊಣಗಾಟಕ್ಕೆ ಒಗ್ಗಿದ ಮೇಲೆ ವೆಂಟ್‌ವರ್ತ್ ಎದುರಾದರೆ ಗೊಂದಲ ಆಗೋದು ಸಹಜ ಅಲ್ವಾ?